ಓದು, ತರಬೇತಿ ಕೇಳದ ಕೆಲಸಗಳು: ಯಾವುದನ್ನು ಹಿಡಿಯೋದು?

ಕೆಲಸ ತುರ್ತಾಗಿ ಬೇಕಾದಾಗ ಯಾರೂ ಹೋಲಿಸಿ ನೋಡುವುದಿಲ್ಲ. ಮೊದಲು ಯಾರು ಕರೆದರೋ ಅಲ್ಲಿ ಸೇರಿಬಿಡುತ್ತೇವೆ. ನಾನೂ ಹಾಗೇ ಮಾಡಿದೆ. ನಾಲ್ಕು ವರ್ಷದಲ್ಲಿ ರಾತ್ರಿ ಕಾವಲು, ಗೋದಾಮಿನಲ್ಲಿ ಪ್ಯಾಕಿಂಗ್, ಆಮೇಲೆ ಒಂದು ಅಂಗಡಿಯ ಕ್ಯಾಶ್ ಕೌಂಟರ್. ಮೂರು ಕಡೆಯೂ ಯಾವ ಸರ್ಟಿಫಿಕೇಟೂ ಕೇಳಲಿಲ್ಲ. ಸಂಬಳದಲ್ಲೂ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಒಂದೊಂದು ಕೆಲಸವೂ ನನ್ನಿಂದ ಒಂದೊಂದನ್ನು ಕಿತ್ತುಕೊಂಡಿತು. ಮೊದಲನೆಯದು ನಿದ್ದೆ, ಎರಡನೆಯದು ಸೊಂಟ, ಮೂರನೆಯದು ತಾಳ್ಮೆ.

ಅದಕ್ಕೇ ಯಾರಾದರೂ "ಈ ಎರಡರಲ್ಲಿ ಯಾವ ಕೆಲಸಕ್ಕೆ ಹೋಗಲಿ?" ಅಂತ ಕೇಳಿದರೆ ನಾನು ಸಂಬಳದ ಮಾತು ಆಮೇಲೆ ಎತ್ತುತ್ತೇನೆ. ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಈ ಕೆಲಸ ನಿಮ್ಮಲ್ಲಿ ಏನನ್ನು ಸವೆಸುತ್ತದೆ? ಅಲ್ಲಿ ನಿಮ್ಮ ಪಕ್ಕದಲ್ಲಿ ನಿಂತು ದುಡಿಯುವವರು ಯಾರು? ಮೊದಲನೆಯದಕ್ಕೆ ಉತ್ತರ ಗೊತ್ತಿದ್ದರೆ ಎಷ್ಟು ದಿನ ತಡೆದುಕೊಳ್ಳಬಹುದು ಅಂತ ಗೊತ್ತಾಗುತ್ತದೆ. ಎರಡನೆಯದಕ್ಕೆ ಉತ್ತರ ಗೊತ್ತಿದ್ದರೆ ಮುಂದೆ ಏನಾಗಬಹುದು ಅಂತ ಗೊತ್ತಾಗುತ್ತದೆ.

ಮೊದಲು ಗಂಟೆಯ ಲೆಕ್ಕ

ಪ್ರಶ್ನೆಗಳಿಗೆ ಹೋಗುವ ಮುಂಚೆ ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ. ಒಂದು ಕೆಲಸದಲ್ಲಿ ದಿನಕ್ಕೆ 100 ಸಿಗುತ್ತದೆ ಅಂದುಕೊಳ್ಳೋಣ. 8 ಗಂಟೆ ಶಿಫ್ಟ್, ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಇನ್ನೊಂದರಲ್ಲಿ 125 ಸಿಗುತ್ತದೆ. ಆದರೆ 12 ಗಂಟೆ ಶಿಫ್ಟ್, ಹೋಗಿಬರಲು ಒಂದೊಂದು ಗಂಟೆ. ಕೇಳುವಾಗ ಎರಡನೆಯದೇ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಮನೆ ಬಾಗಿಲು ಹಾಕಿ ಹೊರಟ ಹೊತ್ತಿನಿಂದ ವಾಪಸ್ ಬಾಗಿಲು ತೆಗೆಯುವ ಹೊತ್ತಿನವರೆಗೆ ಎಣಿಸಿ. ಮೊದಲನೆಯದು 9 ಗಂಟೆ, ಅಂದರೆ ಗಂಟೆಗೆ 11ರ ಮೇಲೆ. ಎರಡನೆಯದು 14 ಗಂಟೆ, ಗಂಟೆಗೆ 9ಕ್ಕೂ ಕಡಿಮೆ. ಹೋಗಿಬರುವ ಖರ್ಚನ್ನು ಇನ್ನೂ ಕಳೆದೇ ಇಲ್ಲ.

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿ ಇವತ್ತಿನದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿಕೊಂಡ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆ ಕೆಲಸಗಾರರಿಗೆ ಈ ಮಿತಿ ಹಾಕಿತ್ತು. 12 ಗಂಟೆಯ ಶಿಫ್ಟನ್ನು ವಾರಕ್ಕೆ ಆರು ದಿನ ಮಾಡಿದರೆ 72 ಗಂಟೆ ಆಗುತ್ತದೆ. ಇದೇ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಮುಂದಿಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಹೊಟ್ಟೆಪಾಡಿಗೆ ಕೆಲವು ತಿಂಗಳು ಮಾಡಬೇಕಾಗಿ ಬಂದರೆ ಬೇರೆ ಮಾತು. ಅದನ್ನೇ ಖಾಯಂ ಮಾಡಿಕೊಳ್ಳಬೇಡಿ.

ನಿದ್ದೆ ತಿನ್ನುವ ಕೆಲಸ: ರಾತ್ರಿ ಕಾವಲು

ಸೆಕ್ಯುರಿಟಿ ಗಾರ್ಡ್ ಕೆಲಸ ಎಲ್ಲಕ್ಕಿಂತ ಬೇಗ ಸಿಗುತ್ತದೆ. "ಸುಮ್ನೆ ಕೂತಿರೋದು ತಾನೆ" ಅಂತ ನನಗೂ ಹೇಳಿದ್ದರು. ಕುರ್ಚಿ ಇತ್ತು, ಆದರೆ ಕೂರುವಂತಿರಲಿಲ್ಲ. ಗೇಟಿನ ಹತ್ತಿರ ನಿಂತಿರಬೇಕು. ಗಂಟೆಗೊಂದು ಸಲ ಕಟ್ಟಡ ಸುತ್ತಿ ಬಂದು ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಹನ್ನೊಂದು, ಹನ್ನೆರಡಕ್ಕೆಲ್ಲ ಏನೂ ಅನ್ನಿಸುವುದಿಲ್ಲ. ಮೂರು ಗಂಟೆ ದಾಟಿದ ಮೇಲೆ ಶುರುವಾಗುತ್ತದೆ. ಆ ಹೊತ್ತಿಗೆ ಮೈಯ ಬಿಸಿ ತಾನಾಗೇ ಇಳಿಯುತ್ತದೆ, ಚಳಿಗಾಲ ಅಲ್ಲದಿದ್ದರೂ ಚಳಿ ಆಗುತ್ತದೆ. ಕಣ್ಣು ತೆರೆದಿರುತ್ತದೆ, ತಲೆ ಮಾತ್ರ ಮಲಗಿರುತ್ತದೆ. ನನ್ನ ರಿಜಿಸ್ಟರಿನ ಹಳೆಯ ಪುಟಗಳಲ್ಲಿ ಮೂರೂವರೆಯ ಸಹಿಗಳನ್ನು ನೋಡಿದರೆ ಬೇರೆ ಯಾರೋ ಹಾಕಿದ ಹಾಗೆ ಕಾಣುತ್ತಿತ್ತು.

ಹಗಲು ಮಲಗಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಬೆಳಕು, ಸದ್ದು, ಮನೆಯವರ ಓಡಾಟದ ನಡುವೆ ಐದು ಗಂಟೆ ನಿದ್ದೆ ಬಂದರೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯ ಕೆಲಸವನ್ನು "ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಅನ್ನುವ ಗುಂಪಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ರಾತ್ರಿ ಪಾಳಿ ಮಾಡಿದವರಿಗೆಲ್ಲ ಕಾಯಿಲೆ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಹತ್ತು ಹದಿನೈದು ವರ್ಷ ಇದರಲ್ಲೇ ಕಳೆಯುವ ಮುಂಚೆ ಯೋಚಿಸಿ ಅಂತ ಅರ್ಥ.

ಹಾಗಾದರೆ ಯಾರಿಗೆ ಸರಿ? ಹಗಲು ಪಾಳಿ ಸಿಕ್ಕರೆ ವಯಸ್ಸಾದವರಿಗೆ, ಭಾರ ಎತ್ತಲಾಗದವರಿಗೆ ಒಳ್ಳೆಯ ಕೆಲಸ. ಪರೀಕ್ಷೆಗೆ ಓದುವವರು ರಾತ್ರಿ ಪಾಳಿ ಕೇಳಿ ತೆಗೆದುಕೊಳ್ಳುವುದುಂಟು. ಒಂದಿಬ್ಬರು ಹಾಗೇ ಓದಿ ಮುಂದೆ ಹೋದದ್ದನ್ನು ನೋಡಿದ್ದೇನೆ. ಆದರೆ ಓದಲು ಬಿಡುತ್ತಾರಾ ಅಂತ ಸೇರುವ ಮುಂಚೆ ಕೇಳಿಕೊಳ್ಳಿ. ಬಹಳ ಕಡೆ ಬಿಡುವುದಿಲ್ಲ. ಇನ್ನೊಂದು ಮಾತು, ಇಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕಲಿಸುವವರೂ ಇಲ್ಲ, ಕಲಿಯುವುದಕ್ಕೂ ಏನಿಲ್ಲ. ಐದು ವರ್ಷ ಆದ ಮೇಲೂ ಮೊದಲ ತಿಂಗಳಿನಷ್ಟೇ ಗೊತ್ತಿರುತ್ತದೆ.

ಸೊಂಟ ಕೇಳುವ ಕೆಲಸ: ಗೋದಾಮು, ಲೋಡಿಂಗ್, ಕಟ್ಟಡದ ಹೆಲ್ಪರ್

ಇವೆಲ್ಲ ಮೈ ಬಗ್ಗಿಸಿ ಮಾಡುವ ಕೆಲಸ ಅಂತ ಒಟ್ಟಿಗೆ ಇಟ್ಟರೂ ಒಳಗೆ ವ್ಯತ್ಯಾಸ ಬಹಳ.

ಗೋದಾಮಿನ ಪ್ಯಾಕಿಂಗ್‌ನಲ್ಲಿ ಭಾರಕ್ಕಿಂತ ಒಂದೇ ಚಲನೆ ಮತ್ತೆ ಮತ್ತೆ ಮಾಡುವುದೇ ಕಷ್ಟ. ಬಾಕ್ಸ್ ಮಡಿಸು, ಸಾಮಾನು ಇಡು, ಟೇಪ್ ಎಳೆ, ಲೇಬಲ್ ಹಚ್ಚು, ತಿರುಗಿ ಟ್ರಾಲಿಗೆ ಇಡು. ನನಗೆ ನೋವು ಕೊಟ್ಟದ್ದು ಆ ಕೊನೆಯ ತಿರುಗುವಿಕೆ. ಪಾದ ಅಲ್ಲೇ ಇಟ್ಟು ಸೊಂಟ ಮಾತ್ರ ತಿರುಗಿಸುತ್ತಿದ್ದೆ. ದಿನಕ್ಕೆ ನೂರಾರು ಸಲ. ಮೂರನೇ ತಿಂಗಳಿಗೆ ಬೆಳಿಗ್ಗೆ ಎದ್ದು ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯಬೇಕಾಯಿತು. ಪಕ್ಕದ ಟೇಬಲಿನ ಅಕ್ಕ ಒಬ್ಬರು ಒಂದು ದಿನ ನನ್ನನ್ನು ನೋಡಿ, "ಟ್ರಾಲೀನ ಹಿಂದೆ ಯಾಕೆ ಇಟ್ಕೊಂಡಿದ್ದೀಯ, ಪಕ್ಕಕ್ಕೆ ಎಳ್ಕೋ. ತಿರುಗುವಾಗ ಕಾಲೂ ಎತ್ತಿಡು" ಅಂದರು. ಅಷ್ಟೇ. ಎರಡು ವಾರದಲ್ಲಿ ನೋವು ಅರ್ಧಕ್ಕೆ ಇಳಿಯಿತು. ತರಬೇತಿ ಬೇಡ ಅನ್ನುವ ಕೆಲಸದಲ್ಲೂ ತಿಳಿವಳಿಕೆ ಬೇಕು. ಅದನ್ನು ಕೊಡುವವರು ಹಳಬರೇ.

ಭಾರದ ಬಗ್ಗೆ ಒಂದು ಅಂಕಿ ನೆನಪಿಟ್ಟುಕೊಳ್ಳಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ಕೊಟ್ಟ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಕೈಯಲ್ಲಿ ಎತ್ತಲು ಮಿತಿ 23 ಕೆಜಿ. ಅನುಕೂಲ ಅಂದರೆ ಭಾರ ಮೈಗೆ ಹತ್ತಿರ, ಹೆಚ್ಚುಕಡಿಮೆ ಸೊಂಟದ ಎತ್ತರದಲ್ಲಿ, ತಿರುಗದೆ, ಅಪರೂಪಕ್ಕೆ ಎತ್ತುವುದು. ಅದೇ ಭಾರವನ್ನು ಕೈ ಚಾಚಿ 63 ಸೆಂ.ಮೀ. ದೂರದಲ್ಲಿ ಹಿಡಿದರೆ ಮಿತಿ ಸುಮಾರು 9 ಕೆಜಿಗೆ ಇಳಿದುಬಿಡುತ್ತದೆ. ಮೂಟೆಯನ್ನು ಮೈಗೆ ಒತ್ತಿ ಹಿಡಿ ಅಂತ ಹಳಬರು ಹೇಳುವುದು ಸುಮ್ಮನೆ ಅಲ್ಲ. ಸೇರುವ ಮುಂಚೆ "ಒಂದು ಮೂಟೆ ಎಷ್ಟು ಕೆಜಿ, ದಿನಕ್ಕೆ ಎಷ್ಟು?" ಅಂತ ನೇರವಾಗಿ ಕೇಳಿ. ಕೈಗಾಡಿ, ಟ್ರಾಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಕಟ್ಟಡದ ಹೆಲ್ಪರ್ ಕೆಲಸ ಮೇಲುನೋಟಕ್ಕೆ ಇದಕ್ಕಿಂತ ಕಷ್ಟ. ಬಿಸಿಲು, ಧೂಳು, ಎತ್ತರ, ಬಿದ್ದರೆ ಪೆಟ್ಟು. ಮಳೆ ಬಂದರೆ ಹಾಜರಿ ಇಲ್ಲ. ಹಾಗಿದ್ದರೂ ಎರಡರಲ್ಲಿ ಒಂದು ಆರಿಸು ಅಂದರೆ, ವಯಸ್ಸು ಚಿಕ್ಕದಿದ್ದು ಮೈಯಲ್ಲಿ ಕಸುವಿದ್ದವರಿಗೆ ನಾನು ಇದನ್ನೇ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಪಕ್ಕದಲ್ಲೇ ಕಸುಬು ಗೊತ್ತಿದ್ದವರು ನಿಂತಿರುತ್ತಾರೆ. ಗಾರೆ ಕೆಲಸದವರು, ಟೈಲ್ಸ್ ಹಾಕುವವರು, ವೈರಿಂಗ್ ಮಾಡುವವರು, ಪೈಪ್ ಜೋಡಿಸುವವರು. ಗೋದಾಮಿನಲ್ಲಿ ಪಕ್ಕದಲ್ಲಿರುವವರೂ ನಿಮ್ಮದೇ ಕೆಲಸ ಮಾಡುತ್ತಾರೆ. ಇಲ್ಲಿ ಹಾಗಲ್ಲ. ಗಾರೆ ಕಲಸಿಕೊಡುವ ಹುಡುಗ ಮಟ್ಟಗೋಲು ಹಿಡಿಯುವುದನ್ನು ನೋಡಿ ಕಲಿಯುತ್ತಾನೆ. ಒಂದು ದಿನ ಊಟದ ಹೊತ್ತಿನಲ್ಲಿ ಮೇಸ್ತ್ರಿ "ಒಂದು ಸಾಲು ನೀನೇ ಕಟ್ಟು ನೋಡೋಣ" ಅನ್ನುತ್ತಾನೆ. ಅಲ್ಲಿಂದ ಕೂಲಿಯ ಲೆಕ್ಕವೇ ಬೇರೆ. ಆದರೆ ಹೆಲ್ಮೆಟ್, ಗಟ್ಟಿ ಶೂ, ಎತ್ತರದಲ್ಲಿ ಬೆಲ್ಟ್ ಕೊಡದ ಜಾಗಕ್ಕೆ ಎಷ್ಟು ಕೊಟ್ಟರೂ ಹೋಗಬೇಡಿ. ಕಲಿಯಲು ಜೀವ ಇರಬೇಕು.

ಇಡೀ ದಿನ ನಿಂತು ಮಾಡುವವು

ಅಂಗಡಿಯ ಸೇಲ್ಸ್, ಕ್ಯಾಶ್ ಕೌಂಟರ್, ಹೋಟೆಲಿನ ಅಡುಗೆಮನೆ, ಕ್ಲೀನಿಂಗ್. ಇವೆಲ್ಲ ಕಾಲಿನ ಮೇಲೆ ನಡೆಯುತ್ತವೆ. ಶೂ ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ ಕೊಳ್ಳಿ. ದಿನವಿಡೀ ನಿಂತ ಪಾದ ಊದಿರುತ್ತದೆ, ಆಗ ಸರಿಹೋದ ಅಳತೆಯೇ ನಿಜವಾದ ಅಳತೆ.

ಕ್ಯಾಶ್ ಕೌಂಟರ್ ಇವುಗಳಲ್ಲಿ ಮರ್ಯಾದೆಯ ಕೆಲಸ ಅನ್ನಿಸುತ್ತದೆ. ಎಸಿ ಇರಬಹುದು, ಭಾರ ಇಲ್ಲ. ಆದರೆ ಹಣ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ. ನನಗೆ ಎರಡು ಸಲ ಹಿಡಿದರು. ಒಂದು ಸಲ ನಿಜವಾಗಿಯೂ ನನ್ನದೇ ತಪ್ಪು, ಚಿಲ್ಲರೆ ಜಾಸ್ತಿ ಕೊಟ್ಟಿದ್ದೆ. ಇನ್ನೊಂದು ಸಲ ಹಿಂದಿನ ಪಾಳಿಯವರ ಕೊರತೆ ನನ್ನ ತಲೆಗೆ ಬಂತು, ಏಕೆಂದರೆ ನಾನು ಎಣಿಸದೆ ಡ್ರಾಯರ್ ತೆಗೆದುಕೊಂಡಿದ್ದೆ. ಅವತ್ತಿನಿಂದ ಹಿಂದೆ ಎಷ್ಟು ಜನ ಸಾಲಿನಲ್ಲಿ ನಿಂತಿದ್ದರೂ ಸರಿ, ಹಿಂದಿನ ಪಾಳಿಯವರ ಎದುರಿಗೇ ನೋಟು ನಾಣ್ಯ ಎಣಿಸಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಮೊದಲ ಬಿಲ್ ಹೊಡೆಯುತ್ತಿದ್ದೆ. ಲೆಕ್ಕದಲ್ಲಿ ಚುರುಕಿದ್ದು ಬೈಗುಳ ಕೇಳಿಯೂ ಮುಖ ಕೆಡಿಸಿಕೊಳ್ಳದವರಿಗೆ ಇದು ಸರಿ. ಸ್ಟಾಕ್ ಬರೆಯುವುದು, ಆರ್ಡರ್ ಹಾಕುವುದು ಕಲಿತರೆ ಮೇಲಕ್ಕೆ ಹೋಗುವ ದಾರಿಯೂ ಇದೆ.

ಕ್ಲೀನಿಂಗ್ ಕೆಲಸಕ್ಕೆ ಬೇಡಿಕೆ ಯಾವತ್ತೂ ಕಡಿಮೆಯಾಗುವುದಿಲ್ಲ. ಆಸ್ಪತ್ರೆ, ಕಚೇರಿ, ಶಾಲೆ ಎಲ್ಲ ಕಡೆ ಬೇಕು. ಬೆಳಗಿನ ಪಾಳಿ ಸಿಕ್ಕರೆ ಮಧ್ಯಾಹ್ನಕ್ಕೆ ಮನೆ ಸೇರಬಹುದು, ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ. ಒಂದೇ ಒಂದು ಎಚ್ಚರಿಕೆ ಜೋರಾಗಿ ಹೇಳುತ್ತೇನೆ: ಬ್ಲೀಚನ್ನು ಶೌಚಾಲಯಕ್ಕೆ ಹಾಕುವ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಬಚ್ಚಲಲ್ಲಿ ಉಸಿರೇ ಕಟ್ಟಬಹುದು. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೆರೆಸುವಂತಿಲ್ಲ. ಎರಡು ಹಾಕಿದರೆ ಚೆನ್ನಾಗಿ ಹೊಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೈಗವಸು ಕೊಡುತ್ತಾರಾ ಅಂತ ಮೊದಲ ದಿನವೇ ಕೇಳಿ.

ಅಡುಗೆಮನೆಯ ಹೆಲ್ಪರ್ ಕೆಲಸ ಪಾತ್ರೆ ತೊಳೆಯುವುದರಿಂದ ಶುರುವಾಗುತ್ತದೆ. ಬಿಸಿ, ಒದ್ದೆ ನೆಲ, ಅವಸರ. ಊಟ ಹೆಚ್ಚಾಗಿ ಅಲ್ಲೇ ಸಿಗುತ್ತದೆ, ಸಂಬಳ ಹೋಲಿಸುವಾಗ ಅದನ್ನೂ ಸೇರಿಸಿಕೊಳ್ಳಿ. ಕಟ್ಟಡದ ಹಾಗೆ ಇಲ್ಲೂ ಪಕ್ಕದಲ್ಲಿ ಕಸುಬಿದೆ. ಸಿಂಕಿನಿಂದ ಹೆಚ್ಚುವ ಹಲಗೆಗೆ, ಹಲಗೆಯಿಂದ ಒಲೆಗೆ. ಆ ಹತ್ತು ಹೆಜ್ಜೆ ನಡೆಯಲು ಕೆಲವರಿಗೆ ಒಂದು ವರ್ಷ, ಕೆಲವರಿಗೆ ಮೂರು ವರ್ಷ ಬೇಕಾಗುತ್ತದೆ. ಆದರೆ ದಾರಿ ಇದೆ.

ಜೇಬನ್ನೇ ಸವೆಸುವುದು: ಡೆಲಿವರಿ

ಡೆಲಿವರಿಯಲ್ಲಿ ಯಾರ ಕೈಕೆಳಗೂ ಇಲ್ಲ ಅನ್ನುವ ಖುಷಿ ಇದೆ. ಬೇಕಾದಾಗ ಆಪ್ ಆನ್ ಮಾಡು, ಬೇಡವಾದಾಗ ಆಫ್ ಮಾಡು. ಕೈಗೆ ಬರುವ ಹಣವೂ ಮೊದಲ ವಾರ ಜಾಸ್ತಿಯೇ ಕಾಣುತ್ತದೆ. ಮೋಸ ಆಗುವುದು ಇಲ್ಲೇ. ಪೆಟ್ರೋಲ್ ದಿನಾ ಕಾಣುತ್ತದೆ. ಟೈರು, ಚೈನು, ಬ್ರೇಕು, ಆಯಿಲ್ ಕಾಣುವುದಿಲ್ಲ, ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬಂದು ನಿಲ್ಲುತ್ತವೆ. ಒಂದು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಬಂತು, ಎಷ್ಟು ಕಿಲೋಮೀಟರ್ ಓಡಿತು, ಆರ್ಡರಿಗೆ ಕಾಯುತ್ತಾ ನಿಂತದ್ದು ಎಷ್ಟು ಹೊತ್ತು. ಕಾದ ಹೊತ್ತನ್ನೂ ಸೇರಿಸಿ ಗಂಟೆಯ ಲೆಕ್ಕ ಹಾಕಿ. ನಂತರ ಪ್ಯಾಕಿಂಗ್ ಕೆಲಸದ ಜೊತೆ ಹೋಲಿಸಿ.

ಸ್ವಂತ ಬಳಕೆಗೆ ಮಾಡಿಸಿದ ವಾಹನ ವಿಮೆ ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆ, ಡೆಲಿವರಿ ಕೆಲಸಕ್ಕೆ ಅನ್ವಯ ಆಗುವುದಿಲ್ಲ. ಆ ಸಾಲನ್ನು ಓದಿಯೇ ರಸ್ತೆಗೆ ಇಳಿಯಿರಿ. ಗಾಡಿ ಆಗಲೇ ಇದ್ದು, ದಿನಕ್ಕೆ ಮೂರ್ನಾಲ್ಕು ಗಂಟೆ ಮೇಲುಗಳಿಕೆ ಬೇಕು ಅನ್ನುವವರಿಗೆ ಡೆಲಿವರಿ ಚೆನ್ನ. ಇದಕ್ಕಾಗಿಯೇ ಸಾಲ ಮಾಡಿ ಗಾಡಿ ತೆಗೆಯುವುದು ಬೇಡ ಅಂತ ನನ್ನ ಖಚಿತ ಅಭಿಪ್ರಾಯ.

ಮಾತು ಮತ್ತು ಮನಸ್ಸು ಕೇಳುವವು

ಕಾಲ್ ಸೆಂಟರಿನಲ್ಲಿ ಕೂತು ಮಾಡುವ ಕೆಲಸ. ಒಂದೆರಡು ಭಾಷೆ ಸರಾಗವಾಗಿ ಬಂದರೆ ಸಾಕು, ಉಳಿದದ್ದನ್ನು ಅವರೇ ಕಲಿಸುತ್ತಾರೆ. ಆ ಕಲಿಕೆಯ ದಿನಗಳಿಗೆ ಸಂಬಳ ಇದೆಯಾ ಅಂತ ಕೇಳಿ. ಗಂಟಲು ಒಣಗುತ್ತದೆ, ಟಾರ್ಗೆಟ್ ಬೆನ್ನಟ್ಟುತ್ತದೆ, ಯಾರದೋ ಸಿಟ್ಟು ನಿಮ್ಮ ಕಿವಿಗೆ ಬೀಳುತ್ತದೆ. ಆದರೆ ಕಂಪ್ಯೂಟರ್ ಕೈಗೆ ಹತ್ತುತ್ತದೆ, ಅದು ಮುಂದಿನ ಕೆಲಸಕ್ಕೆ ಬರುತ್ತದೆ.

ವಯಸ್ಸಾದವರನ್ನು, ಮಕ್ಕಳನ್ನು ನೋಡಿಕೊಳ್ಳುವ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಇದನ್ನು ತರಬೇತಿ ಬೇಡದ ಕೆಲಸ ಅಂತ ಕರೆಯುವುದಕ್ಕೇ ಮನಸ್ಸು ಒಪ್ಪುವುದಿಲ್ಲ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಜಾರದ ಹಾಗೆ ಸ್ನಾನ ಮಾಡಿಸುವುದು, ಔಷಧಿಯ ಹೊತ್ತು ತಪ್ಪದಿರುವುದು, ಇದೆಲ್ಲ ಮಾಡಿಯೇ ಬರಬೇಕು. ಮನೆಯಲ್ಲಿ ಅಜ್ಜಿಯನ್ನೋ ತಮ್ಮನನ್ನೋ ನೋಡಿಕೊಂಡವರಿಗೆ ಅರ್ಧ ಆಗಲೇ ಗೊತ್ತಿರುತ್ತದೆ. ಇಲ್ಲಿ ಕಷ್ಟ ಎರಡು. ಒಂದು, ಕೆಲಸಕ್ಕೆ ಗೆರೆ ಇರುವುದಿಲ್ಲ. ಮಗು ನೋಡಿಕೊಳ್ಳಲು ಹೋದವರು ಪಾತ್ರೆ, ಬಟ್ಟೆ, ಅಡುಗೆ ಎಲ್ಲ ಮಾಡುತ್ತಿರುತ್ತಾರೆ. ಎರಡು, ಮನಸ್ಸು ಅಂಟಿಕೊಳ್ಳುತ್ತದೆ, ಬಿಟ್ಟು ಬರುವುದು ಸುಲಭ ಅಲ್ಲ.

ಅವರ ಮನೆಯಲ್ಲೇ ಉಳಿದು ಮಾಡುವುದಾದರೆ ಇನ್ನೂ ಎಚ್ಚರ ಬೇಕು. ಮನೆಗೆಲಸದವರ ಬಗ್ಗೆ 2011ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಎರಡು ವಿಷಯ ಸ್ಪಷ್ಟವಾಗಿ ಹೇಳುತ್ತದೆ. ವಾರಕ್ಕೆ ಕನಿಷ್ಠ 24 ಗಂಟೆ ಒಟ್ಟಿಗೆ ರಜೆ ಇರಬೇಕು. ಪಾಸ್‌ಪೋರ್ಟ್, ಗುರುತಿನ ಚೀಟಿಯಂಥ ದಾಖಲೆ ಕೆಲಸದವರ ಬಳಿಯೇ ಇರಬೇಕು. ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ. ಆದರೂ "ನಿನ್ನ ಕಾರ್ಡ್ ನಮ್ಮ ಹತ್ತಿರ ಇರಲಿ" ಅಂತ ಯಾರಾದರೂ ಅಂದರೆ ಅದೇ ಸಾಕು, ಆ ಮನೆಗೆ ಹೋಗಬೇಡಿ.

ಮನೆಯಲ್ಲೇ ಕೂತು ಟೈಪಿಂಗ್

ಇದನ್ನು ಹೋಲಿಕೆಯಲ್ಲಿ ಸೇರಿಸಬೇಕೋ ಬೇಡವೋ ಅಂತ ಯೋಚಿಸಿದೆ. ನನ್ನ ತಂಗಿಗೆ ಆದದ್ದು ಹೇಳಿದರೆ ಸಾಕು. ಡೇಟಾ ಎಂಟ್ರಿ ಕೆಲಸ, ಮನೆಯಿಂದಲೇ, ಪುಟಕ್ಕಿಷ್ಟು ಅಂದರು. ಮೊದಲು ನೋಂದಣಿ ಶುಲ್ಕ ಕಟ್ಟಿಸಿಕೊಂಡರು. ಏಳು ದಿನ ರಾತ್ರಿ ಹಗಲು ಟೈಪ್ ಮಾಡಿ ಕಳಿಸಿದಳು. "ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೇಸು" ಅಂತ ಬೆದರಿಕೆ ಬಂತು. ಅವಳು ವಾರಗಟ್ಟಲೆ ಊಟ ಬಿಟ್ಟು ಕೂತಿದ್ದಳು. ಹಣ ವಾಪಸ್ ಬರಲಿಲ್ಲ, ಕೇಸೂ ಬರಲಿಲ್ಲ. ಇದು ಬಹಳ ಜನಕ್ಕೆ ಆಗಿರುವ ಮೋಸ.

ನಿಜವಾದ ಟೈಪಿಂಗ್ ಕೆಲಸ ಇಲ್ಲವೆಂದಲ್ಲ. ಅದು ಹೆಚ್ಚಾಗಿ ಕಚೇರಿಗೆ ಕರೆಸಿ, ವೇಗ ನೋಡಿ, ತಿಂಗಳ ಸಂಬಳಕ್ಕೆ ಕೊಡುತ್ತಾರೆ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು, ನಿಮ್ಮಿಂದ ತೆಗೆದುಕೊಳ್ಳಬಾರದು. ಕೆಲಸ ಕೊಡಿಸುವ ಏಜೆನ್ಸಿಗಳಿಗೂ ಇದೇ ಮಾತು. ಕೆಲಸಗಾರರಿಂದ ನೇರವಾಗಿಯೋ ಸುತ್ತುಬಳಸಿಯೋ ಶುಲ್ಕ ವಸೂಲಿ ಮಾಡಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದವೇ ಹೇಳುತ್ತದೆ. ಠೇವಣಿ, ಕಿಟ್, ತರಬೇತಿ, ವೆರಿಫಿಕೇಶನ್, ಯಾವ ಹೆಸರಿನಲ್ಲಿ ಕೇಳಿದರೂ ಎದ್ದು ಬನ್ನಿ.

ಎರಡು ಕೆಲಸ ಕೈಯಲ್ಲಿದ್ದಾಗ

ಇದೆಲ್ಲ ಆದ ಮೇಲೆ ತಂಗಿಗೆ ಎರಡು ಕಡೆಯಿಂದ ಕರೆ ಬಂತು. ಒಂದು ಗೋದಾಮು, ಇನ್ನೊಂದು ಅಡುಗೆಮನೆ. ಗೋದಾಮಿನ ಸಂಬಳ ಜಾಸ್ತಿ. ಈ ಸಲ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಶಿಫ್ಟ್ ಬಿಡುವ ಹೊತ್ತಿಗೆ ಎರಡೂ ಕಡೆ ಹೋಗಿ ಗೇಟಿನ ಹೊರಗೆ ನಿಂತೆವು. ಹೊರಗೆ ಬರುವವರ ನಡಿಗೆ ನೋಡಿದೆವು. ಇಬ್ಬರು ಮೂವರನ್ನು ಮಾತಾಡಿಸಿದೆವು. ಸಂಬಳ ಯಾವ ತಾರೀಕಿಗೆ ಕೈಗೆ ಬರುತ್ತದೆ, ಓವರ್‌ಟೈಮ್ ಬರೆದುಕೊಳ್ಳುತ್ತಾರಾ, ವಾರದ ರಜೆ ನಿಜವಾಗಿ ಕೊಡುತ್ತಾರಾ, ಯೂನಿಫಾರಂಗೆ ಹಿಡಿಯುತ್ತಾರಾ, ಹುಷಾರಿಲ್ಲದಾಗ ಏನು ಮಾಡುತ್ತಾರೆ, ಹೆಂಗಸರಿಗೆ ಬೇರೆ ಶೌಚಾಲಯ ಇದೆಯಾ. ಆಫೀಸಿನ ಒಳಗೆ ಕೇಳಿದ್ದರೆ ಎಲ್ಲದಕ್ಕೂ "ಹೌದು" ಅನ್ನುತ್ತಿದ್ದರು. ಗೋದಾಮಿನಿಂದ ಬಂದವರೊಬ್ಬರು ಎರಡು ತಿಂಗಳ ಓವರ್‌ಟೈಮ್ ಇನ್ನೂ ಬಂದಿಲ್ಲ ಅಂದರು. ತಂಗಿ ಅಡುಗೆಮನೆಗೆ ಸೇರಿದಳು. ಈಗ ಹೆಚ್ಚುವ ಹಲಗೆಯ ಹತ್ತಿರ ಇದ್ದಾಳೆ, ಬೆಳಗಿನ ಪಾಳಿಯಲ್ಲಿ ಒಲೆಯೂ ಅವಳದೇ.

ಸೇರಿದ ದಿನದಿಂದಲೇ ನಿಮ್ಮದೇ ಪುಟ್ಟ ಪುಸ್ತಕದಲ್ಲಿ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯುತ್ತಾ ಬನ್ನಿ. ಅಥವಾ ದಿನಾ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸಂಬಳದ ಚೀಟಿ ಕೊಟ್ಟರೆ ಎಸೆಯಬೇಡಿ. ಕೆಲಸ ಬಿಡುವಾಗ, ಜಗಳ ಆಡಿ ಬಿಟ್ಟರೂ ಸರಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಏನು ಕೆಲಸ ಮಾಡಿದಿರಿ ಅಂತ ಒಂದು ಕಾಗದ ಬರೆಸಿ ಸೀಲ್ ಹಾಕಿಸಿಕೊಂಡು ಬನ್ನಿ. ಗೋದಾಮಿನಿಂದ ಅಂಥ ಕಾಗದ ತರದೆ ಬಂದಿದ್ದೆ. ಅಂಗಡಿಗೆ ಸೇರುವಾಗ "ಅನುಭವ ಇದೆಯಾ?" ಅಂದರು. ಇದೆ ಅಂದೆ, ತೋರಿಸಲು ಏನೂ ಇರಲಿಲ್ಲ. ಹೊಸಬರ ಸಂಬಳಕ್ಕೇ ಮತ್ತೆ ಶುರು ಮಾಡಬೇಕಾಯಿತು.